ಅಡ್ಡವೋ, ಉದ್ದವೋ

ಸೋಮವಾರದೊಳಗೆ ಹೇಳಬೇಕಿತ್ತು: ನಮ್ಮ ಚಿತ್ರ ಅಡ್ಡಕ್ಕಿರಬೇಕೋ, ಉದ್ದಕ್ಕಿರಬೇಕೋ.

ಚಿತ್ರ ಎಂದರೆ ಎರಡೇ ನಿಮಿಷದ್ದು. ಗ್ರಂಥಾಲಯದವರು ಮಕ್ಕಳಿಗಾಗಿ ಮಾಡಿಸುತ್ತಿದ್ದರು. ಗೇಣುದ್ದದ ಬೊಂಬೆ ಅಜ್ಜಿಯೊಬ್ಬಳು ಏಣಿ ಹತ್ತಿ, ಕಪಾಟಿನ ತುತ್ತತುದಿಯಲ್ಲಿರುವ ಪುಸ್ತಕವೊಂದನ್ನು ಇಳಿಸಿಕೊಳ್ಳುತ್ತಾಳೆ, ಕಥೆ ಅಷ್ಟೇ. ಅಜ್ಜಿಯ ಕೈಯನ್ನೋ ರೆಪ್ಪೆಯನ್ನೋ ಕೂದಲೆಳೆಯಷ್ಟು ಸರಿಸುವುದು, ಕೈ ಹಿಂದಕ್ಕೆ ತೆಗೆದುಕೊಂಡು ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ಒಂದು ಸೆಕೆಂಡಿಗೆ ಹನ್ನೆರಡು ಫೋಟೋ. ಆ ಕೆಲಸ ನನ್ನದು. ಹೆಚ್ಚು ಮಾತಾಡಬೇಕಾಗಿಲ್ಲದ ಕೆಲಸ ಎಂದೇ ಚಿಕ್ಕಮ್ಮ, ನನ್ನ ಪದವಿ ಮುಗಿದ ಮಾರನೇ ವಾರ, ತನ್ನ ಸ್ಟುಡಿಯೋದಲ್ಲಿ ನನ್ನನ್ನು ಕೂರಿಸಿಕೊಂಡಿದ್ದಳು.

"ಲಿಫ್ಟ್ ಪಕ್ಕ ಉದ್ದದ ಪರದೆ ಇದೆಯಂತೆ, ಓದೋ ಕೋಣೇಲಿ ಅಡ್ಡದ್ದು. ಯಾವುದಾದ್ರೂ ಸರಿಯಂತೆ ಅವರಿಗೆ," ಎಂದಳು ಚಿಕ್ಕಮ್ಮ. "ಬೊಂಬೆ ಆಡಿಸೋಳು ನೀನು, ನೀನೇ ಹೇಳು. ಅಡ್ಡ ಆದ್ರೆ ಎರಡೂ ಕಡೆ ಇನ್ನಷ್ಟು ಕಪಾಟು ಕಟ್ಟಬೇಕು, ಅರ್ಧಂಗುಲ ಇನ್ನೂ ಮೂರು ವಾರ ಇಲ್ಲೇ ಇರ್ತಾನೆ. ಉದ್ದ ಆದ್ರೆ ಈಗಿರೋದೇ ಸಾಕು, ಶನಿವಾರ ಅವನನ್ನ ಬಿಟ್ಬಿಡ್ತೀನಿ."

ಅರ್ಧಂಗುಲ ನಮ್ಮ ಬಡಗಿ. ಆರಡಿಯ ಆಳು, ಮಾಡುವುದು ಅರ್ಧ ಅಂಗುಲದ ಮರದ ಪುಸ್ತಕ, ಉಗುರಿನಷ್ಟು ಅಗಲದ ಡ್ರಾಯರು. ಅದಕ್ಕೇ ಆ ಹೆಸರು. ಇಲ್ಲಿಯ ಕೆಲಸ ಮುಗಿಯುತ್ತಲೇ ಅವರು ನಾಟಕ ಕಂಪನಿಯೊಂದನ್ನು ಸೇರುವವರಿದ್ದರು. ಊರೂರು ತಿರುಗುವ ಕಂಪನಿ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೂತು ನಾವಿಬ್ಬರೂ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ಆರು ಪುಟ ಆಗುತ್ತದೆ. ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದರಿಂದ ನನಗೆ ಗೊತ್ತು.

"ಅಡ್ಡ," ಎಂದೆ.

"ಏನಂದೆ?"

"ಅಡ್ಡ ಇರಲಿ ಚಿಕ್ಕಮ್ಮ. ಅಗಲ ಹದಿನಾರು, ಎತ್ತರ ಒಂಬತ್ತು. ಅಜ್ಜಿ ಒಂಟಿ ಅಂತ ನೋಡೋರಿಗೆ ಗೊತ್ತಾಗಬೇಕು. ಸುತ್ತ ಜಾಗ ಇದ್ರೆ ತಾನೇ ಒಂಟಿತನ ಕಾಣೋದು?"

ಚಿಕ್ಕಮ್ಮ ಕನ್ನಡಕದ ಮೇಲಿನಿಂದ ನೋಡಿದಳು. "ಅಬ್ಬಾ! ನೀನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಹುಟ್ಟಿದಾಗಿನಿಂದ ಇದೇ ಮೊದಲು ಕಣೇ."

ಏಣಿ ಹತ್ತುವ ಕಥೆಗೆ ಉದ್ದದ ಚೌಕಟ್ಟೇ ಸರಿ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಮರುದಿನದಿಂದ ಮರಳು ಕಾಗದ ಉಜ್ಜುವ ಸದ್ದು ಶುರುವಾಯಿತು. ಅವರು ಆ ಮೇಜಿನಲ್ಲಿ, ನಾನು ಈ ಮೇಜಿನಲ್ಲಿ ಅಜ್ಜಿಯ ಬೆರಳುಗಳಿಗೆ ತಂತಿ ಸೇರಿಸುತ್ತ. ನಾಲ್ಕನೆಯ ದಿನ ಅವರು ತಲೆಯೆತ್ತಿ, "ಈ ಸಾಲಿನ ಪುಸ್ತಕಕ್ಕೆ ಯಾವ ಬಣ್ಣ?" ಎಂದರು. "ಹಸಿರು," ಎಂದೆ. ಅವತ್ತಿನ ದಿನಚರಿಯಲ್ಲಿ ಆ ಒಂದು ಪದ ಬಿಟ್ಟು ಬೇರೇನೂ ಇಲ್ಲ.

ಎಂಟನೆಯ ದಿನ ಪರೀಕ್ಷೆಗೆಂದು ನಾಲ್ಕಾರು ಫೋಟೋ ತೆಗೆದೆ. ಅಜ್ಜಿ ಐದನೇ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ತಲೆ ಚೌಕಟ್ಟಿನಾಚೆ ಹೋಯಿತು. ಏಣಿಯೆಲ್ಲ ಕಾಣಲೆಂದು ಕ್ಯಾಮೆರಾ ಹಿಂದೆ ಸರಿಸಿದೆ. ಅಜ್ಜಿ ಹೆಬ್ಬೆರಳಿನಷ್ಟಾದಳು. ಸೂಜಿಯ ಮೊನೆಯಿಂದ ನಾನು ಸರಿಸಿದ ಅವಳ ರೆಪ್ಪೆ, ತುಟಿಯ ಅಂಚು, ಒಂದೂ ಕಾಣಲಿಲ್ಲ.

"ಅಜ್ಜಿ ಎಲ್ಲಿ?" ಹಿಂದಿನಿಂದ ಅವರ ದನಿ.

"ಅಲ್ಲೇ ಇದಾರಲ್ಲ."

"ನಂಗೆ ನನ್ನ ಕಪಾಟುಗಳೇ ಕಾಣ್ತಿವೆ. ಚೆನ್ನಾಗೇನೋ ಇವೆ, ನನ್ನ ಬೆನ್ನು ನಾನೇ ತಟ್ಕೋಬೇಕು. ಅಜ್ಜಿ ಮಾತ್ರ ಪಾಪ, ಬಸ್ ಸ್ಟ್ಯಾಂಡಲ್ಲಿ ತಪ್ಪಿಸ್ಕೊಂಡ ಮಗು ಥರ ಆಗಿದಾರೆ."

ನನ್ನ ಮೇಜಿನ ಮೇಲಿದ್ದ ಕಪ್ಪು ಟೇಪು ಹರಿದು, ಫೋಟೋ ಕಾಣುತ್ತಿದ್ದ ಕಂಪ್ಯೂಟರ್ ಪರದೆಯ ಎಡಕ್ಕೂ ಬಲಕ್ಕೂ ಪಟ್ಟಿ ಪಟ್ಟಿಯಾಗಿ ಅಂಟಿಸಿದರು. ಎಂಟು ದಿನದ ತಮ್ಮ ಕೆಲಸವನ್ನೆಲ್ಲ ತಮ್ಮ ಕೈಯಿಂದಲೇ ಮುಚ್ಚಿದರು. ನಡುವೆ ಉಳಿದ ಸೀಳಿನಲ್ಲಿ ಏಣಿ, ಏಣಿಯ ಮೇಲೆ ಅಜ್ಜಿ, ಅವಳ ಮೇಲೆ ಇನ್ನೂ ಹತ್ತಬೇಕಾದ ಎತ್ತರ.

"ಇಷ್ಟನ್ನೇ ಹತ್ತಿರದಿಂದ ತೆಗೆದ್ರೆ? ಈಗ ನೋಡಿ, ಬಿದ್ದುಬಿಟ್ರೆ ಅಂತ ಭಯ ಆಗುತ್ತೆ. ನಿಮಗಿದು ಮೊದಲೇ ಹೊಳೀಲಿಲ್ವಾ?"

ಅವರ ಮುಖದಲ್ಲಿ ಬರೀ ಅಚ್ಚರಿಯಿತ್ತು. ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ.

"ಹೊಳೆದಿತ್ತು."

"ಮತ್ಯಾಕೆ ಅಡ್ಡ ಅಂದ್ರಿ?"

ಬೆರಳಿಗೆ ಮೆತ್ತಿದ್ದ ಟೇಪಿನ ಚೂರನ್ನು ಬಿಡಿಸುತ್ತ ಕೂತೆ. ಅವರು ತಮ್ಮ ಮೇಜಿಗೆ ಹೋದರು.

ಸುಮ್ಮನಿದ್ದಿದ್ದರೆ ಇನ್ನೂ ಎರಡು ವಾರ ಇತ್ತು. ಚಿಕ್ಕಮ್ಮ ನನ್ನ ಮಾತನ್ನು ಪ್ರಶ್ನಿಸುವವಳಲ್ಲ. ಆದರೆ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಹೆಬ್ಬೆರಳಿನಷ್ಟು ಅಜ್ಜಿ ಕಣ್ಣ ಮುಂದೆ ನಿಂತಿದ್ದಳು. ನನ್ನ ಆಸೆಗೆ ಅವಳ ಮುಖ ಅಳಿಸಿದ್ದೆ.

ಬೆಳಿಗ್ಗೆ ಚಿಕ್ಕಮ್ಮನ ಮುಂದೆ ನಿಂತೆ. "ತಪ್ಪು ಹೇಳಿದ್ದೆ. ಉದ್ದವೇ ಸರಿ."

"ಎಂಟು ದಿನದ ಕೆಲಸ ಕಣೇ!" ಎಂದವಳು, ನನ್ನ ಮುಖ ನೋಡಿ ದನಿ ಇಳಿಸಿದಳು. "ಗೊತ್ತಿದ್ದು ಹೇಳಿದ್ಯೋ, ಗೊತ್ತಿಲ್ದೆ ಹೇಳಿದ್ಯೋ?"

"ಗೊತ್ತಿದ್ದೇ."

ಅವಳು ಗಾಜಿನಾಚೆ ಬೆನ್ನು ಬಗ್ಗಿಸಿ ಕೂತಿದ್ದವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹೂಂ," ಎಂದಳಷ್ಟೇ. ಆಮೇಲೆ ಜೋರಾಗಿ, "ಏನಪ್ಪಾ ಅರ್ಧಂಗುಲ, ನಿನ್ನ ಕೆಲಸ ಮುಗೀತು. ಗಂಟುಮೂಟೆ ಕಟ್ಟು!"

ಅವರು ಕೈ ಒರೆಸಿಕೊಳ್ಳುತ್ತ ಬಂದು, ನಾನು ಮಗ್ಗುಲಿಗೆ ತಿರುಗಿಸಿಟ್ಟಿದ್ದ ಕ್ಯಾಮೆರಾದಲ್ಲಿ ಬಗ್ಗಿ ನೋಡಿದರು. "ಮುಗಿದಿಲ್ಲ ಮೇಡಂ. ಮೇಲೆ ನೋಡಿ."

ನೋಡಿದೆವು. ಗೋಡೆ ಮುಗಿದ ಮೇಲೆ ದೀಪದ ತಂತಿಗಳು, ಅದರಾಚೆ ನಮ್ಮ ಸ್ಟುಡಿಯೋದ ಧೂಳು ಹಿಡಿದ ಫ್ಯಾನು. ಬೊಂಬೆಯ ಕೋಣೆಗಳಿಗೆ ನಾವು ಚಾವಣಿ ಹಾಕುವುದೇ ಇಲ್ಲ. ಬೆಳಕೂ ನನ್ನ ಕೈಗಳೂ ಮೇಲಿನಿಂದಲೇ ಬರಬೇಕು. ಅಡ್ಡದ ಚೌಕಟ್ಟು ಅಷ್ಟು ಮೇಲಕ್ಕೆ ನೋಡುವುದಿಲ್ಲ.

"ಉದ್ದಕ್ಕೆ ಹೋದ್ರೆ ಅಜ್ಜಿಗೊಂದು ಸೂರು ಬೇಕು. ಬೆಳಕೂ ಕೈಯೂ ಪಕ್ಕದಿಂದ ಬರಲಿ."

"ಎಷ್ಟು ದಿನ?" ಎಂದಳು ಚಿಕ್ಕಮ್ಮ.

"ಎರಡು."

ಎರಡು ದಿನ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಎರಡನೆಯ ಮಧ್ಯಾಹ್ನ ಚಾವಣಿಯ ಹಲಗೆಗೆ ಅಂಟು ಹಚ್ಚಿದರು. ತೆಳು ಹಲಗೆ, ಕ್ಲ್ಯಾಂಪು ಬಿಗಿದರೆ ಅಚ್ಚು ಬೀಳುತ್ತದೆ, ಕೈಯಿಂದಲೇ ಹಿಡಿದಿರಬೇಕು. "ಹದಿನೈದು ನಿಮಿಷ. ಆ ತುದಿ ಹಿಡ್ಕೋತೀರಾ? ಅಲ್ಲಾಡಬಾರದು."

ಹಿಡಿದುಕೊಂಡೆ. ಪ್ರತಿ ಫೋಟೋಗೂ ಮುಂಚೆ ಕೈ ಹಿಂದೆಳೆದುಕೊಂಡೇ ಅಭ್ಯಾಸವಾದವಳು. ಪುಟ್ಟ ಕೋಣೆಯ ಮೇಲೆ ಈಗ ನಾಲ್ಕು ಕೈಗಳು.

"ಇನ್ಮೇಲೆ ಮನುಷ್ಯರು ಹಾಯೋವಷ್ಟು ದೊಡ್ಡ ಬಾಗಿಲು ಮಾಡಬೇಕು," ಎಂದರು. "ಅಭ್ಯಾಸ ತಪ್ಪಿದೆ. ಮೊದಲ ನಾಟಕದಲ್ಲೇ ರಾಜ ತಲೆ ಹೊಡೆಸ್ಕೋತಾನೇನೋ."

ನಕ್ಕುಬಿಟ್ಟೆ.

"ಅಲ್ಲಾಡಿದ್ರಿ!"

"ಇಲ್ಲ, ಇಲ್ಲ."

ಆಮೇಲೆ ಅವರು, "ನೀವು ಹೇಳ್ಲೇ ಇಲ್ಲ, ಯಾಕೆ ಅಡ್ಡ ಅಂದ್ರಿ ಅಂತ."

ಹಲಗೆಯ ಸಂದನ್ನೇ ನೋಡುತ್ತ ಹೇಳಿದೆ: "ಅಡ್ಡ ಆದ್ರೆ ನೀವು ಮೂರು ವಾರ ಇರ್ತೀರಾ ಅಂತ ಚಿಕ್ಕಮ್ಮ ಅಂದಿದ್ರು."

ನಾನು ತಲೆಯೆತ್ತಲಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಅವರ ಬಸ್ಸು.

ಗೋಡೆಯ ಗಡಿಯಾರ ಇಬ್ಬರಿಗೂ ಕಾಣುವಂತಿತ್ತು. ಹದಿನೈದು ನಿಮಿಷ ಕಳೆಯಿತು. ಹದಿನೆಂಟಾಯಿತು. ಅಂಟು ಕಲ್ಲಿನಂತೆ ಗಟ್ಟಿಯಾಗಿತ್ತು, ಬೆರಳಿಗೆ ಗೊತ್ತಾಗುತ್ತಿತ್ತು.

"ಇನ್ನೊಂದೈದು ನಿಮಿಷ ಹಿಡೀಬೇಕು ಅನ್ಸುತ್ತೆ," ಎಂದರು ಅರ್ಧಂಗುಲ.

"ಹೌದು," ಎಂದೆ.