ಲಕ್ಷಬತ್ತಿಯ ಹತ್ತಿಗಿಡ

“ಯಾಕಿಂಗಾಯ್ತೋ ಶಿವನೇ, ಯಾರ ಕಣ್ಣು ಬಿತ್ತೋ?”

ಹಿತ್ತಲಲ್ಲಿ ಬೇರೆ ಯಾರೂ ಇರಲಿಲ್ಲ. ಸರ್ವಮಂಗಳಮ್ಮ ನನ್ನ ಸೊಟ್ಟಗಾದ ಎಲೆಯೊಂದನ್ನು ಅಂಗೈಯಲ್ಲಿ ಹಿಡಿದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆದರೆ ಗಿಡಕ್ಕೆ ಬಾಯೆಲ್ಲಿ?

ನಾನು ಒಂದು ಹತ್ತಿಗಿಡ. ಅವರ ತವರಿನಿಂದ ಸೆರಗಿನ ಗಂಟಿನಲ್ಲಿ ಬೀಜವಾಗಿ ಬಂದು, ಬಚ್ಚಲ ನೀರು ಹರಿಯುವ ಕಡೆ ಮೊಳೆತೆ. ಮನೆಯ ಹತ್ತಿಯಿಂದಲೇ ಲಕ್ಷ ಬತ್ತಿ ಹೊಸೆದು ಕಾರ್ತಿಕದಲ್ಲಿ ದೇವರ ಮುಂದೆ ಹಚ್ಚುತ್ತೇನೆಂದು ಅವರ ಹರಕೆ. ಆರು ವರ್ಷ ನನ್ನ ಬುಡದಲ್ಲೇ ಕೂತು, ಪದ ಹಾಡಿಕೊಳ್ಳುತ್ತ ಹೊಸೆದರು. ಆ ಪದ ಕೇಳುತ್ತಲೇ ನಾನು ಕಾಯಿ ಬಿಟ್ಟೆ. ಇನ್ನು ಒಂಬೈನೂರು ಬತ್ತಿ ಆದರೆ ಮುಗಿಯಿತು.

ಈ ಶ್ರಾವಣದಲ್ಲಿ ನನಗೆ ಎಲೆಯ ರಸ ಹೀರುವ ಹೇನು ಹತ್ತಿತು. ಅವರ ಮೈದುನ ಹಾಲೇಶಪ್ಪ ಬೆನ್ನಿಗೆ ಔಷಧಿ ಹೊಡೆಯುವ ಪಂಪು ಹಾಕಿಕೊಂಡು ಬಂದ.

“ಬೇವಿನೆಣ್ಣೆ ಹೊಡಿತೀನಿ ಅತ್ತಿಗೆ, ಎರಡು ದಿನಕ್ಕೆ ಎಲ್ಲಾ ಸಾಫ್.”

“ಬೆಳಿಗ್ಗೆ ಮೆಕ್ಕೆಜೋಳಕ್ಕೆ ಕಳೆ ಔಷಧಿ ಹೊಡೆದಿದ್ದು ಇದರಾಗೇ ಅಲ್ವೇನೋ?”

“ಒಂದು ಕೊಡ ನೀರು ಹಾಕಿ ತೊಳ್ದೀನಿ. ಇನ್ನೇನು, ಪಂಪಿಗೆ ಮಡಿ ಉಡಿಸ್ಲಾ?”

ಅತ್ತಿಗೆ ನಕ್ಕುಬಿಟ್ಟರು. ಪೈಪಿನಲ್ಲಿ ಉಳಿದಿದ್ದ ಕಳೆ ಔಷಧಿ ಬೇವಿನೆಣ್ಣೆಯ ಜೊತೆ ನನ್ನ ಎಲೆಗಿಳಿಯಿತು.

ನನ್ನ ಚಿಗುರಿನ ತುದಿಯಲ್ಲಿ ಕಣ್ಣಿಗೆ ಕಾಣದ ಕೋಶಗಳಿವೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಸಾಕೆಂದಾಗ ನಿಂತು ಎಲೆಯೋ ಹೂವೋ ಆಗುತ್ತವೆ. ಅವುಗಳನ್ನು ನಡೆಸುವ ರಸ ನನ್ನೊಳಗೇ ಹನಿಯಷ್ಟು ಊರುತ್ತದೆ. ಕಳೆ ಔಷಧಿ ಆ ರಸದ ರೂಪದಲ್ಲೇ ಬಂತು. ಕೋಶಗಳು ನಂಬಿದವು. ಅದು ಬೆಳೆ ಎಂದಿತು, ಬೆಳೆ ಎಂದಿತು, ಸಾಕು ಎನ್ನಲೇ ಇಲ್ಲ. ಕೆಲವು ಅಳತೆ ಮೀರಿ ಉಬ್ಬಿದವು, ಕೆಲವು ಒಡೆದೊಡೆದು ಗಂಟುಗಟ್ಟಿದವು. ನೀರೇರುವ ದಾರಿ ಅವುಗಳ ನಡುವೆ ಹಿಸುಕಿಹೋಯಿತು. ಅಗಲವಾದ ಎಲೆ ಕಪ್ಪೆಕಾಲಿನಂತೆ ಸೊಟ್ಟಗಾಯಿತು. ಮೊಗ್ಗುಗಳು ಬಿರಿಯದೆ ಉದುರಿದವು. ಅದೇ ಔಷಧಿ ಬಿದ್ದರೂ ಹುಲ್ಲಿನ ಜಾತಿಯ ಮೆಕ್ಕೆಜೋಳ ಮಾತ್ರ ಹೊಲದಲ್ಲಿ ನೆಟ್ಟಗೆ ನಿಂತಿತ್ತು.

ಯಾರ ಕಣ್ಣು ಬಿತ್ತೋ ಎಂಬ ಅತ್ತಿಗೆಯ ಪ್ರಶ್ನೆ ಬೇಲಿಯಾಚೆ ಕೇಳಿಸಿತೇನೋ, ಹಾಲೇಶಪ್ಪ ಗುದ್ದಲಿ ಹಿಡಿದು ಬಂದ. ತಲೆ ಎತ್ತಲಿಲ್ಲ.

“ತಪ್ಪು ನಂದೇ ಅತ್ತಿಗೆ, ಪಂಪು ಸರಿಯಾಗಿ ತೊಳೀಲಿಲ್ಲ. ಇದು ಇನ್ನು ಕಾಯಿ ಬಿಡಲ್ಲ. ಕಿತ್ತು ಹಾಕ್ತೀನಿ. ಒಂಬೈನೂರಕ್ಕೆ ಅಂಗಡಿ ಹತ್ತಿ ತಂದ್ಕೊಡ್ತೀನಿ.”

ಕೀಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಬೆಳೆದು ಬೆಳೆದು ಸಾಕಾಗಿತ್ತು.

ಸರ್ವಮಂಗಳಮ್ಮ ಗುದ್ದಲಿಗೂ ನನಗೂ ನಡುವೆ ಬಂದು ನಿಂತರು. ಕೊಡ ಬಗ್ಗಿಸಿ ನನ್ನ ಬುಡಕ್ಕೆ ತುಂಬ ನೀರು ಹೊಯ್ದರು.

“ಅಂಗಡಿ ಹತ್ತಿನೂ ಬೇಡ, ನಿನ್ನ ಗುದ್ದಲಿನೂ ಬೇಡ. ನಾನಿರೋ ತನಕ ಇದನ್ನ ಕೀಳಾಕೆ ಬಿಡಲ್ಲ.”