ಲವಂಗದ ವಾಸನೆ

ಲವಂಗ, ಹೌದು, ಲವಂಗವೇ, ಮೂಲೆಯ ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಮೂಗಿಗೆ ಬಡಿಯುತ್ತಿದೆ, ಪಕ್ಕದಲ್ಲಿ ಕೂತ ಸೋಮಪ್ಪಣ್ಣನ ಬಾಯಿಂದಲೇ — ನನ್ನ ಮೂಗನ್ನು ಯಾರೂ ಏಮಾರಿಸಲಾರರು, ವರ್ಷಗಟ್ಟಲೆ ಅಂಗಿಯ ಜೇಬಲ್ಲಿ ಲವಂಗ ಇಟ್ಟುಕೊಂಡು ತಿರುಗಿದವನು ನಾನು, ಧಾರವಾಡದ ಪಕ್ಕದ ಬೇಲೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಕುಡಿದು, ಬಸ್ಸಿನಲ್ಲಿ ಲವಂಗ ಅಗಿಯುತ್ತ ಮನೆಗೆ ಬರುವುದು, ಹೆಂಡತಿ ಉಮಾಶ್ರೀ ಬಾಗಿಲು ತೆರೆದು ದಾರಿ ಬಿಡದೆ ನಿಲ್ಲುವುದು, ಬಾಯಿ ತಗೀರಿ ನೋಡೂಣು, ಏನಿಲ್ಲ ಬಿಡು, ಹಲ್ಲ ನೋಯಾಕತ್ತಿತ್ತು, ಅದಕ್ಕ ಲವಂಗ ಇಟ್ಕೊಂಡೇನಿ — ಲವಂಗ ನಾರಿದರೆ ಗಂಡ ಕುಡಿದು ಬಂದಿದ್ದಾನೆ, ಅಷ್ಟೇ, ಈ ಕೋಣೆಯಲ್ಲಿ ಕೂತವರೆಲ್ಲರ ಹೆಂಡಂದಿರಿಗೂ ಅದು ಗೊತ್ತು. ಈಗ ನಮ್ಮ ಮನೆಯಲ್ಲಿ ಲವಂಗವೇ ಇಲ್ಲ, ಪಲಾವಿಗೂ ಇಲ್ಲ, ಆ ಡಬ್ಬಿಯನ್ನು ತಿಕ್ಕಿ ತೊಳೆದು ಜೀರಿಗೆ ತುಂಬಿಟ್ಟಿದ್ದಾಳೆ. ಅವಳೂ ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ, ಇಳಕಲ್ ಸೀರೆ ಉಟ್ಟು, ಇವತ್ತು ನನಗೆ ವರ್ಷ ತುಂಬಿತಲ್ಲ, ಕುಡಿತ ಬಿಟ್ಟು ವರ್ಷವಾದವರಿಗೆ ಈ ಗುಂಪಿನಲ್ಲಿ ಹಿತ್ತಾಳೆಯ ಬಿಲ್ಲೆ ಕೊಡುತ್ತಾರೆ, ಮೊದಲ ದಿನ ಕೈ ಹಿಡಿದು ಯಾರು ಕರೆತಂದರೋ ಅವರ ಕೈಯಿಂದಲೇ. ನನ್ನನ್ನು ಕರೆತಂದವನು ಸೋಮಪ್ಪಣ್ಣ. ಅವನೇ ಈಗ, ಛೇ, ಇಷ್ಟು ವರ್ಷ ಮುಟ್ಟದವನು, ನಡುಕ ಬಂದಾಗ ಫೋನ್ ಮಾಡು ತಮ್ಮಾ ಅಂದವನು — ಅತ್ತ ಯಾರೋ ಎದ್ದು, ನನ್ನ ಹೆಸರು ಸಿದ್ಧಾರೂಢ ಅಂತರಿ, ನಾನೊಬ್ಬ ಕುಡುಕರಿ, ಎಲ್ಲರೂ ನಮಸ್ಕಾರ ಸಿದ್ಧಾರೂಢ ಅನ್ನುತ್ತಿದ್ದಾರೆ, ನಾನೂ ಅನ್ನುತ್ತೇನೆ, ಆದರೆ ಹೆಗಲೇಕೆ ಇಷ್ಟು ಹಗುರಾಗುತ್ತಿದೆ, ಅಣ್ಣನೇ ಬಿದ್ದ ಮೇಲೆ ನನ್ನದೇನು, ನಾಳೆ ಪಾಳಿ ಮುಗಿದ ಮೇಲೆ, ಒಂದೇ ಒಂದು, ಯಾರು ಬೈದಾರು, ದಣಿದಿದ್ದೇನೆ, ಕುಡಿಯದೆ ಇರುವುದೂ ಒಂದು ಪಾಳಿ, ಬದಲಿಗೆ ಯಾರೂ ಬಾರದ ಪಾಳಿ.

ಗುಂಪು ನಡೆಸುವ ಮುಷರಫ ಕರೆಯುತ್ತಿದ್ದಾನೆ, ಬರ್ರಿ ಸೋಮಪ್ಪ ಕಾಕಾ, ಬಿಲ್ಲಿ ಕೊಡ್ರಿ. ಎದ್ದ, ಒಂದು ಕೆನ್ನೆ ಊದಿದೆ, ಆಗಲೇ ಹೇಗೆ ಕಾಣಲಿಲ್ಲ ನನಗೆ, ಬಾಯಿ ಓರೆ ಮಾಡಿ ಹೇಳುತ್ತಿದ್ದಾನೆ, ದವಡಿ ಹಲ್ಲು ಹುಳುಕಾಗೇತ್ರಿಪಾ, ನಾಳೆ ಕೀಳಸಾಂವ ಅದೇನಿ, ಲವಂಗದೆಣ್ಣಿ ಹತ್ತಿ ಇಟ್ಕೊಂಡೇನಿ, ಮೂಗು ಇದ್ದಾವ್ರು ತಪ್ಪು ತಿಳಕೋಬ್ಯಾಡ್ರಿ, ಬೇಕಾರ ನೋಡ್ರಿ — ಆ ಎಂದು ಬಾಯಿ ಅಗಲಿಸಿ, ಬೆರಳಿಂದ ಹತ್ತಿ ಒತ್ತಿ ಎಲ್ಲರಿಗೂ ತೋರಿಸುತ್ತಾನೆ, ಅಗೋ ಹತ್ತಿ, ಕೋಣೆಯೆಲ್ಲ ನಗುತ್ತದೆ, ಖರೇ ಐತ್ರಿ ಕಾಕಾ, ಹಿಂದೆ ಉಮಾಶ್ರೀಯ ನಗು, ಎಷ್ಟು ದಿನಕ್ಕೆ ಕೇಳಿದೆ ಅದನ್ನು, ನಾನೂ ನಗುತ್ತೇನೆ, ಹೆಗಲ ಮೇಲೆ ಮತ್ತೆ ಅದೇ ಭಾರ. ಅವನು ಕುಡಿದಿಲ್ಲ. ಕುಡಿದಿಲ್ಲ ಎಂದು ನನಗೆ ಬೇಸರವಾಯಿತು, ಖರೇ ಬೇಸರ, ಇದೆಂಥ ಮನುಷ್ಯ ನಾನು, ಅಣ್ಣ ನನ್ನ ಅಂಗೈಯಲ್ಲಿ ಬಿಲ್ಲೆ ಇಟ್ಟು ಬೆರಳು ಮಡಚುತ್ತಿದ್ದಾನೆ, ಗಟ್ಟಿ ಹಿಡ್ಕೊ ತಮ್ಮಾ, ಬಿಲ್ಲೆಗೂ ಎಣ್ಣೆ, ನನ್ನ ಬೆರಳಿಗೂ, ಮುಷರಫ ಅನ್ನುತ್ತಾನೆ ಗುರುಪಾದಣ್ಣ, ಎರಡು ಮಾತು ಹೇಳ್ರಿ, ಏನು ಹೇಳಲಿ, ಈಗಷ್ಟೇ ಮನಸ್ಸಿನಲ್ಲಿ ಬಾರಿಗೆ ಹೋಗಿ ಬಂದೆ ಎಂದೇ, ಹೇಳಿದರೆ ಅವಳ ನಗು ಹೋಗುತ್ತದೆ, ಹೇಳದಿದ್ದರೆ ನಾಳೆ ಪಾಳಿ ಮುಗಿದ ಮೇಲೆ ಆ ಒಂದೇ ಒಂದು — ಉಮಾಶ್ರೀ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದಾಳೆ, ಬಾಗಿಲಲ್ಲಿ ನಿಂತ ಹಾಗೆ, ಬಾಯಿ ತಗೀರಿ, ತೆರೆಯಬೇಕು, ಬಾಯಿ ತಗೀರಿ ನೋಡೂಣು, ಮುಷ್ಟಿಯೊಳಗೆ ಬಿಲ್ಲೆ, ಫ್ಯಾನು ಈ ಕಡೆ ತಿರುಗಿದೆ, ಲವಂಗ, ಈಗ ನನ್ನ ಕೈಯಿಂದಲೇ, ಲವಂಗ