ಭಾನುವಾರದ ಸಾಂಬ್ರಾಣಿ

ಡಾಕ್ಟರು ಹನ್ನೊಂದು ಗಂಟೆಗೆ ಮೊಬೈಲಿನ ವಿಡಿಯೋದಲ್ಲಿ ಮಗುವನ್ನು ನೋಡುತ್ತಾರೆಂದು ಸಹನ ಬೆಳಕು ಹರಿಯುವ ಮುಂಚೆಯೇ ಹಂಡೆ ಒಲೆಗೆ ಉರಿ ಹಾಕಿದ್ದಳು. ಮಗಳು ಪೂರ್ವಿಗೆ ಇನ್ನೂ ಮೂರು ತುಂಬಿಲ್ಲ. ತಿಂಗಳಿಂದ ಬಿಟ್ಟೂ ಬಿಟ್ಟೂ ಕೆಮ್ಮು, ಉಸಿರಿಗೆ ಸುಯ್ ಸುಯ್ ಸದ್ದು.

ಶ್ರೀರಂಗಪಟ್ಟಣದ ಕಡೆಯ ಗಾರ್ಮೆಂಟ್ಸಿನಲ್ಲಿ ಸಹನ ಕಾಲರು ಹೊಲಿಯುತ್ತಾಳೆ. ಕತ್ತಲಿರುವಾಗಲೇ ಬಂದು ಎತ್ತಿಕೊಂಡು ಹೋಗುವ ಕಂಪನಿ ವ್ಯಾನು, ದೀಪ ಹಚ್ಚಿದ ಮೇಲೆ ಅವಳನ್ನು ಊರ ಬಾಗಿಲಿಗೆ ಉದುರಿಸಿ ಹೋಗುತ್ತದೆ. ಮಗು ಕೆಮ್ಮುತ್ತಿದೆ, ಪಾಂಡವಪುರದ ಆಸ್ಪತ್ರೆಗೆ ತೋರಿಸಬೇಕು ಎಂದು ರಜೆ ಕೇಳಿದ್ದಕ್ಕೆ ಸೂಪರ್‌ವೈಸರು, "ಲೈನಲ್ಲಿರೋ ತಾಯಂದ್ರೆಲ್ಲ ಎದ್ದೋದ್ರೆ ಷರ್ಟು ನಿಮ್ಮಪ್ಪ ಹೊಲೀತಾನಾ?" ಎಂದು ಎಲ್ಲರಿಗೂ ಕೇಳುವಂತೆ ನಕ್ಕಿದ್ದ. ಯಾವ ದೇಶದವರೋ ತೊಡುವ ಅಂಗಿಯ ಕಾಲರು ನೆಟ್ಟಗೆ ನಿಲ್ಲಬೇಕು; ಅದಕ್ಕಾಗಿ ಇಲ್ಲೊಬ್ಬಳ ತಾಯ್ತನ ಭಾನುವಾರಕ್ಕೆ ಕುಗ್ಗಬೇಕು.

ಉಳಿದ ದಿನಗಳೆಲ್ಲ ವಾರಗಿತ್ತಿ ಮಂಗಳಮ್ಮನವು. ಭಾವನ ಹೆಂಡತಿ, ತನ್ನ ಮಕ್ಕಳು ದೊಡ್ಡವಾದವು, ಈಗ ಸೊಂಟದ ಮೇಲೆ ಪೂರ್ವಿ. ಸೂಪರ್‌ವೈಸರನ ಮೇಲೆ ಉಗುಳಲಾಗದ ಸಿಟ್ಟೆಲ್ಲ ಸಹನಳೊಳಗೆ ಮಂಗಳಮ್ಮನ ಕಡೆಗೇ ತಿರುಗುತ್ತಿತ್ತು. ಪೂರ್ವಿಗೆ ದೊಡ್ಡವ್ವನ ಕಿವಿಯ ಓಲೆ ಹಿಡಿದರೇ ನಿದ್ದೆ. ಹೋದ ವಾರ ಪಕ್ಕದಲ್ಲಿ ಮಲಗಿಸಿಕೊಂಡಾಗ ಮಗುವಿನ ಕೈ ಸಹನಳ ಕಿವಿ ತಡಕಿತ್ತು, ಓಲೆ ಬೇರೆಯದೆಂದು ತಿಳಿದು ತಟ್ಟನೆ ಹಿಂದಕ್ಕೆ ಸರಿದಿತ್ತು. ಅಂದಿನಿಂದ ಆ ಕಿವಿ ಉರಿಯುತ್ತಲೇ ಇತ್ತು.

ಇವತ್ತು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಎಣ್ಣೆ ಒತ್ತಿದಳು, ತಲೆಗೆ ನೀರು ಹುಯ್ದಳು, ಮೈಗೆಲ್ಲ ಪೌಡರು ಹಾಕಿದಳು. ಗೋಡೆಗೆ ಬಿಳಿ ಪಂಚೆ ಕಟ್ಟಿ, ರಾಗಿ ಡಬ್ಬಕ್ಕೆ ಮೊಬೈಲು ಒರಗಿಸಿದಳು. ಕೊನೆಗೆ ಬಟ್ಟಲಿಗೆ ಕೆಂಡ ಹಾಕಿ ಸಾಂಬ್ರಾಣಿ ಉದುರಿಸುವಾಗ ಮಂಗಳಮ್ಮ ಬಾಗಿಲಲ್ಲಿ ನಿಂತಿದ್ದಳು.

"ಇವತ್ತೊಂದಿನ ಹೊಗೆ ಬ್ಯಾಡ ಕಣವ್ವ. ಬಟ್ಟೇಲೇ ಒರ್ಸು, ಸಾಕು."

"ತಲೆ ಆರದೆ ನೆಗಡಿ ಹಿಡುದ್ರೆ?"

"ನಾನು ಬಟ್ಟೇಲೇ ಒರ್ಸೋದು..."

"ಅದ್ಕೇ ಮಗು ಇಂಗಾಗಿರೋದು!" ಸಹನಳ ಬಾಯಿ ತಪ್ಪಿತು. "ವಾರೆಲ್ಲ ನಿಂದೇ ಅಲ್ವಾ ಅಕ್ಕ? ಇವತ್ತೊಂದಿನನಾರ ನನ್ ಮಗೀನ ನಂಗೆ ಬುಡು."

ಮಂಗಳಮ್ಮನ ಮುಖ ಸಣ್ಣದಾಯಿತು. "ನಿಂದೇ ಕಣವ್ವ, ಯಾರು ಕಿತ್ಕಂಡವ್ರೆ?" ಎಂದು ಜಗಲಿಗೆ ಹೋಗಿ ಅವರೆಕಾಯಿ ಸುಲಿಯುತ್ತ ಕೂತಳು. ಸಹನ ಬಾಗಿಲು ಮುಂದೆ ಮಾಡಿ, ಮಗುವಿನ ಕೂದಲನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹೊಗೆ ಹಿಡಿದಳು. ಮನೆಯೆಲ್ಲ ಘಮ್ಮೆಂದಿತು.

ಮೊಬೈಲು ರಿಂಗಾಯಿತು. ಮೈಸೂರಿನ ಮಕ್ಕಳ ಡಾಕ್ಟರಮ್ಮ.

"ಅಮ್ಮ, ಮಗು ಮಸುಕಾಗಿ ಕಾಣ್ತಿದೆ. ಕ್ಯಾಮೆರಾ ಒರೆಸಿ."

ಸಹನ ಸೆರಗಿನಲ್ಲಿ ಒರೆಸಿದಳು.

"ಇನ್ನೂ ಹಾಗೇ ಇದೆ. ಇರಲಿ. ಕೆಮ್ಮು ಯಾವ ಹೊತ್ತಲ್ಲಿ ಜಾಸ್ತಿ?"

"ರಾತ್ರಿ ಮೇಡಂ."

"ದಿನಾ ರಾತ್ರಿನಾ? ಬೆಳಿಗ್ಗೆ ಎದ್ದಾಗ? ಆಡುವಾಗ ಏದುಸಿರು ಬರುತ್ತಾ?"

ಬೆಳಿಗ್ಗೆ ಎದ್ದ ಮಗುವನ್ನು ಸಹನ ಕಂಡದ್ದೆಲ್ಲಿ? ಏನಾದರೊಂದು ಹೇಳಿಬಿಡಬಹುದಿತ್ತು. ಆದರೆ ಗೋಡೆಯಾಚೆಗೆ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು, ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ. ಅಷ್ಟರಲ್ಲಿ ಪೂರ್ವಿ ಕೆಮ್ಮತೊಡಗಿದಳು. ಪಕ್ಕೆ ಒಳಕ್ಕೆ ಸೆಳೆಯಿತು, ಕಣ್ಣಲ್ಲಿ ನೀರು ತುಂಬಿತು. "ದೊಡ್ಡವ್ವಾ..." ಎಂದು ಬಾಗಿಲ ಕಡೆಗೆ ಕೈ ಚಾಚಿದಳು.

ಸಹನ ಹಲ್ಲು ಕಚ್ಚಿದಳು. ಆಮೇಲೆ ಕೂಗಿದಳು: "ಅಕ್ಕಾ! ಬಾ ಒಳೀಕೆ!"

ಮಂಗಳಮ್ಮ ಓಡಿ ಬಂದು ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಬೆನ್ನು ಸವರಿದಳು. ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು.

"ದಿನಾ ಇರಲ್ಲ ಮೇಡಂ. ಸೋಮ್ವಾರ, ಮಂಗ್ಳವಾರ ಜಾಸ್ತಿ. ಆಮೇಲೆ ಇಳ್ಕತದೆ. ಶನಿವಾರದೊತ್ಗೆ ಚೆನ್ನಾಗಿ ಆಡ್ಕಂಡಿರ್ತಾಳೆ."

"ಹಾಗಾದರೆ ಭಾನುವಾರ ಏನಾಗುತ್ತೆ?"

ಮಂಗಳಮ್ಮ ಬಾಯಿ ತೆರೆದಳು. ಸಹನಳನ್ನು ನೋಡಿ ಮುಚ್ಚಿಕೊಂಡಳು. "ಏನಿಲ್ಲ ಮೇಡಂ, ಅಂಗೇ..."

ಎದುರಾಳಿಯಂತೆ ಕಂಡವಳು ತನ್ನ ಮಾನ ಮುಚ್ಚುತ್ತಿದ್ದಾಳೆ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಸಹನ ಗೋಡೆಯ ಬಿಳಿ ಪಂಚೆಯನ್ನು ನೋಡಿದಳು. ಅದರ ಮುಂದೆ ಹೊಗೆ ಇನ್ನೂ ತೆಳ್ಳಗೆ ಸುತ್ತುತ್ತಿತ್ತು. ಮಸುಕಾಗಿದ್ದದ್ದು ಕ್ಯಾಮೆರಾ ಅಲ್ಲ.

"ಭಾನುವಾರ ನಾನು ಮನೇಲಿರ್ತೀನಿ ಮೇಡಂ," ಎಂದಳು. "ತಲೆಗೆ ಹುಯ್ದು ಸಾಂಬ್ರಾಣಿ ಹಾಕ್ತೀನಿ. ಈಗ್ಲೂ ಹಾಕಿವ್ನಿ."

"ಮೊದಲು ಮಗೂನ ಗಾಳಿಗೆ ಕರಕೊಂಡು ಹೋಗಿ. ಆ ಹೊಗೆ, ಆ ಪೌಡರು ಎರಡೂ ಇನ್ನು ಬೇಡ. ಔಷಧಿ ಬರೀತೀನಿ, ಆದರೆ ಪಕ್ಕೆ ಹೀಗೆ ಸೆಳೀತಿದೆ, ಇವತ್ತೇ ಆಸ್ಪತ್ರೆಗೆ ತೋರಿಸಬೇಕು. ನಾಳೆಯಿಂದ ನಾಕು ದಿನ ತಾಯಿ ಜೊತೇಲಿದ್ದು ಉಸಿರು ನೋಡಬೇಕು. ನಿಮ್ಮಲ್ಲಿ ತಾಯಿ ಯಾರು?"

ಪೂರ್ವಿಯ ಕೈ ಮಂಗಳಮ್ಮನ ಓಲೆಯ ಮೇಲಿತ್ತು. ಸಹನಳ ಕಿವಿ ಮತ್ತೆ ಉರಿಯಿತು.

"ನಾನೇ ಮೇಡಂ," ಎಂದಳು. ಕೆಂಡದ ಬಟ್ಟಲನ್ನು ಅಂಗಳಕ್ಕೆ ಒಯ್ದು ಚೊಂಬಿನ ನೀರು ಸುರಿದಳು, ಚುಯ್ಯೆಂದಿತು. ಹಿಂದೆಯೇ ಮಗುವಿನೊಂದಿಗೆ ಬಂದ ವಾರಗಿತ್ತಿಯ ಕಡೆಗೆ ತಿರುಗದೆ ಅಂದಳು:

"ಅಕ್ಕ, ಈಗ್ಲೇ ಆಸ್ಪತ್ರೆಗೆ ಹೋಗವ. ನಾಳೆ ವ್ಯಾನ್ ಬಂದ್ರೆ ನಾನು ಬರಲ್ಲ ಅಂದ್ಬುಡು. ಯಾಕೆ ಅಂತ ಕೇಳುದ್ರೆ, ಅವಳ ಮಗು ಅವಳ್ನ ಗುರ್ತು ಹಿಡೀಬೇಕಂತೆ ಅನ್ನು."